ಬೇಳೆ ಬೇಯುವ ನೀರಿನ ಮಾಳಮ್ಮ

ಬೆಳಗಿನ ಐದೂವರೆ. ತೆಲಂಗಾಣದ ತಾಂಡೂರಿನ ಹತ್ತಿರದ ಪೆದ್ದೆಮುಲ್‌ನ ಕೊನೆಯ ಓಣಿಯಲ್ಲಿ ಮಾಳಮ್ಮ ಒಲೆ ಹೊತ್ತಿಸಿದ್ದಾರೆ. ಒಲೆಯ ಮೇಲೆ ಒಂದು ಪುಟ್ಟ ಪಾತ್ರೆ, ಪಾತ್ರೆಯಲ್ಲಿ ಒಂದೇ ಹಿಡಿ ತೊಗರಿ ಬೇಳೆ. ಉಪ್ಪಿಲ್ಲ, ಅರಿಶಿನವಿಲ್ಲ, ಒಗ್ಗರಣೆಯ ಮಾತಂತೂ ಇಲ್ಲವೇ ಇಲ್ಲ. ಹಾಲಿನವನ ಬೈಕು ಊರೊಳಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಈ ಬೇಳೆ ಒಡೆಯಬೇಕು. ಬೈಕಿನ ಸದ್ದು ಕೇಳಿದ್ದೇ ಮಾಳಮ್ಮ ಚಮಚದಿಂದ ನಾಲ್ಕು ಕಾಳು ತೆಗೆದು, ಊದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡುತ್ತಾರೆ. ಕಾಳು ಬೆಣ್ಣೆಯ ಹಾಗೆ ಹರಡುತ್ತದೆ.

"ಆತ್ರಿ. ಐದನೇ ಡ್ರಮ್ಮಿನ ನೀರು ಪಸಂದ ಅದ. ಇದು ನಡೀತದ" ಎನ್ನುತ್ತಾರೆ. ಆ ಬೇಳೆ ಆಮೇಲೆ ಮನೆಯ ಸಾರಿಗೆ ಸೇರುತ್ತದೆ, ಅದು ಬೇರೆ ಮಾತು. ಪರೀಕ್ಷೆ ನಡೆದದ್ದು ಮಾತ್ರ ಮೀನುಗಳಿಗಾಗಿ.

ಮೀನುಗಳಿರುವುದು ಒಳಕೋಣೆಯಲ್ಲಿ. ಮೂರು ಗಾಜಿನ ತೊಟ್ಟಿ, ಅವುಗಳ ತಳದಲ್ಲಿ ಒಂದು ಬಾಯಿ ಮುಚ್ಚಿದ ಹದಿನಾಲ್ಕು ಮಣ್ಣಿನ ಕೊಳವೆ. ಮಾಳಮ್ಮ ಬ್ಯಾಟರಿಯ ಮುಖಕ್ಕೆ ಸೀರೆಯ ಸೆರಗು ಸುತ್ತಿ, ಮಂದ ಬೆಳಕಿನಲ್ಲಿ ಒಂದೊಂದೇ ಕೊಳವೆಯೊಳಗೆ ಇಣುಕುತ್ತಾರೆ. ಅಲ್ಲಿ ಬೆರಳುದ್ದದ ಒಂದು ಜೀವ. ಮೈತುಂಬ ಕಪ್ಪು ಬಿಳುಪು ಪಟ್ಟೆ, ಚರ್ಮದ ಬದಲು ಎಲುಬಿನ ಬಿಲ್ಲೆ ಜೋಡಿಸಿದ ಕವಚ, ಹೊಟ್ಟೆಯ ಕೆಳಗೆ ಬಟ್ಟಲಿನಂಥ ಬಾಯಿ. ಮೀನು ಸಾಕುವವರು ಇದನ್ನು ಜೀಬ್ರಾ ಪ್ಲೆಕೊ ಎನ್ನುತ್ತಾರೆ. ಮಾಳಮ್ಮನ ಬಾಯಲ್ಲಿ ಅದು ಪಟ್ಟಾಪಟ್ಟಿ. ಓಣಿಯ ಹೆಂಗಸರು ಮೊದಮೊದಲು "ಏನವ್ವ, ನಿನ್ನ ಮೀನಿಗೆ ಚಡ್ಡಿ ಹೊಲಿಸೀ ಏನು?" ಎಂದು ನಗುತ್ತಿದ್ದರಂತೆ. ಈಗ ಮಳೆ ಬಂದರೆ ಅವರೇ ಓಡಿ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಹೋಗುತ್ತಾರೆ.

ಈ ಮೀನಿನ ತವರು ದಕ್ಷಿಣ ಅಮೆರಿಕದ ಬ್ರೆಜಿಲ್. ಅಲ್ಲಿಯ ಶಿಂಗು ಎಂಬ ಹೊಳೆಯ ಒಂದು ದೊಡ್ಡ ತಿರುವನ್ನು ಬಿಟ್ಟರೆ ಭೂಮಿಯ ಮೇಲೆ ಮತ್ತೆಲ್ಲೂ ಇದು ತಾನಾಗಿ ಹುಟ್ಟುವುದಿಲ್ಲ. ಆ ಹೊಳೆಗೆ ಈಗ ದೊಡ್ಡ ಅಣೆಕಟ್ಟು ಬಂದಿದೆ. ತಿರುವಿನಲ್ಲಿ ಹರಿಯುವ ನೀರು ಇಳಿದಿದೆ. ಹೊಳೆಯಲ್ಲಿ ಮೀನು ಉಳಿಯುತ್ತದೋ ಇಲ್ಲವೋ ಎಂಬ ದಿಗಿಲಿನಲ್ಲಿ ಲೋಕದ ಅಲ್ಲಲ್ಲಿ ಜನ ಇದನ್ನು ಗಾಜಿನ ತೊಟ್ಟಿಗಳಲ್ಲಿ ಮರಿ ಮಾಡಿಸಿ ಬೀಜ ಉಳಿಸಿಕೊಂಡಿದ್ದಾರೆ. ಅವರಲ್ಲಿ ವಿಜ್ಞಾನಿಗಳಿದ್ದಾರೆ, ದೊಡ್ಡ ದೊಡ್ಡ ಹವ್ಯಾಸಿಗಳಿದ್ದಾರೆ. ಪೆದ್ದೆಮುಲ್‌ನಲ್ಲಿ ಮೂರನೆಯ ಇಯತ್ತೆ ಓದಿದ ಅರವತ್ನಾಲ್ಕರ ಮಾಳಮ್ಮನೂ ಇದ್ದಾರೆ ಎಂಬುದು ಅವರ್ಯಾರಿಗೂ ಗೊತ್ತಿಲ್ಲ.

ಮಾಳಮ್ಮ ತಾಂಡೂರಿಗೆ ಸೊಸೆಯಾಗಿ ಹೋದದ್ದು ಹದಿನೇಳನೆಯ ವಯಸ್ಸಿನಲ್ಲಿ. ಗಂಡ ಕಲ್ಲಿನ ಖಣಿಯಲ್ಲಿ, ಹೆಂಡತಿ ಪಾಲಿಶ್ ಕಾರ್ಖಾನೆಯಲ್ಲಿ. ತಾಂಡೂರಿನಲ್ಲಿ ಕಲ್ಲು ಎಂದರೆ ಎಲ್ಲವೂ. ನೆಲಕ್ಕೆ ಅದೇ ನೀಲಿ ಪರ್ಶಿಯ ಚಪ್ಪಡಿ, ಗೋಡೆಯ ಕಪಾಟಿಗೆ ಅದೇ, ಕಂಪೌಂಡಿಗೆ ಅದೇ, ನೀರಿನ ತೊಟ್ಟಿಗೂ ಅದೇ. "ಹುಟ್ಟಿದ ಕೂಸಿಗೆ ನೀರು ಹಾಕೂದು ಪರ್ಶಿ ಮ್ಯಾಲ, ಸತ್ತವರಿಗೆ ನೀರು ಹಾಕೂದೂ ಪರ್ಶಿ ಮ್ಯಾಲ" ಎಂದು ಮಾಳಮ್ಮ ಹೇಳುವಾಗ ಅದರಲ್ಲಿ ದೂರೂ ಇದೆ, ಹೆಮ್ಮೆಯೂ ಇದೆ. ಕಲ್ಲಿನ ಧೂಳು ಕುಡಿದು ಕುಡಿದು ಗಂಡನ ಎದೆ ಗೊರಗೊರ ಅನ್ನತೊಡಗಿತು. ಮಗಳು ಐದನೆಯ ಇಯತ್ತೆಯಲ್ಲಿದ್ದಾಗ ಅವನು ತೀರಿಕೊಂಡ.

ಮರುವರ್ಷ, 1998ರಲ್ಲಿ, ಪಾಲಿಶ್ ಹೆಂಗಸರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕುಳಿತರು. ಕಲ್ಲು ಕೊಯ್ಯುವಾಗ ಧೂಳೇಳದಂತೆ ನೀರು ಬಿಡಿ, ಬಾಯಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಿ. ಕೇಳಿದ್ದು ಇಷ್ಟೇ. ಮುಂದೆ ನಿಂತವಳು ಎಲ್ಲಮ್ಮ, ಮಾಳಮ್ಮನ ಪಕ್ಕದ ಯಂತ್ರದವಳು, ಒಂದೇ ಡಬ್ಬಿಯಲ್ಲಿ ಇಬ್ಬರೂ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ ಗೆಳತಿ. ಒಂಬತ್ತನೆಯ ದಿನ ಮಾಳಮ್ಮನ ಮಗಳಿಗೆ ವಿಪರೀತ ಜ್ವರ. ಮನೆಯಲ್ಲಿ ಏನೂ ಇಲ್ಲ. ಮಾಳಮ್ಮ ಕಾರ್ಖಾನೆಯ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಯಂತ್ರ ಶುರು ಮಾಡಿದರು. ಅವರನ್ನು ನೋಡಿ ಇನ್ನಿಬ್ಬರು, ಇಬ್ಬರನ್ನು ನೋಡಿ ಹತ್ತು ಜನ. ಹನ್ನೊಂದನೆಯ ದಿನ ಮುಷ್ಕರ ಮುಗಿದೇ ಹೋಯಿತು. ನೀರೂ ಬರಲಿಲ್ಲ, ಬಟ್ಟೆಯೂ ಬರಲಿಲ್ಲ.

"ಎಲ್ಲಮ್ಮ ಬೈಯಲಿಲ್ರಿ. ಬೈದಿದ್ರ ಛೊಲೋ ಇತ್ತು. ಮಾತ ಬಿಟ್ಟಳು" ಎನ್ನುತ್ತಾರೆ ಮಾಳಮ್ಮ. ಇದನ್ನು ಹೇಳುವಾಗ ಅವರು ಎದುರಿನವರ ಮುಖ ನೋಡುವುದಿಲ್ಲ, ತೊಟ್ಟಿಯ ಗಾಜನ್ನು ಒರೆಸುತ್ತಾರೆ. ಆಮೇಲೆ ಪಾಲಿಶ್ ಕೆಲಸದಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ. ಮರುವರ್ಷ ತಾಂಡೂರಿನ ಒಂದು ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು, ಕೆಲವು ವರ್ಷಗಳ ಮೇಲೆ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯ ಅಟೆಂಡರ್ ಆದರು.

ಪಟ್ಟಾಪಟ್ಟಿ ಅವರ ಬದುಕಿಗೆ ಬಂದದ್ದು 2008ರಲ್ಲಿ. ಕಾಲೇಜಿನ ಅಧ್ಯಾಪಕ ಆನಂದತೀರ್ಥ ಜಹೀರಾಬಾದಿನವರು, ಮೀನಿನ ಹುಚ್ಚಿನವರು. ಹೈದರಾಬಾದಿನ ಹವ್ಯಾಸಿಯೊಬ್ಬರು ತಮ್ಮ ತೊಟ್ಟಿಗಳನ್ನು ಮುಚ್ಚುವಾಗ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಆರು ಮೀನುಗಳನ್ನು ಇವರಿಗೆ ಕೊಟ್ಟರು. ಆನಂದತೀರ್ಥರು ಅವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು, ವಾಡಿ ಕಡೆಯ ರೈಲಿನಲ್ಲಿ ತೊಡೆಯ ಮೇಲೆ ಕೂಸು ಕೂರಿಸಿಕೊಂಡವರಂತೆ ಬಂದರು. "ಮಾಳಮ್ಮ, ಇವು ಮರಿ ಹಾಕಿದರೆ ದೊಡ್ಡ ಕೆಲಸ ಆದೀತು" ಎಂದರು. ಮೇಷ್ಟ್ರು ಹೇಳಿದ್ದು ಅಷ್ಟೇ. ಮಾಳಮ್ಮ ಅದನ್ನು ತಲೆಗೆ ಹಾಕಿಕೊಂಡರು.

ಈ ಮೀನು ಬಯಲಿನಲ್ಲಿ ಮೊಟ್ಟೆಯಿಡುವುದಿಲ್ಲ. ಕಲ್ಲಿನ ಸಂದು ಬೇಕು. ಹೆಣ್ಣು ಒಳಗೆ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ಗಂಡು ಬಾಯಿಗೆ ಅಡ್ಡ ಕೂತು, ರೆಕ್ಕೆ ಬೀಸಿ ಬೀಸಿ ಮೊಟ್ಟೆಗಳಿಗೆ ನೀರಾಡಿಸುತ್ತದೆ. ಬಾಣಂತನ ಪೂರ್ತಿ ಅಪ್ಪನದೇ. ಇದನ್ನು ಕೇಳಿದ ಮಾಳಮ್ಮ ಹಿರಿಹಿರಿ ಹಿಗ್ಗಿದರು. ಕಲ್ಲು ತಾನೇ? ತಾಂಡೂರಿನವಳಿಗೆ ಕಲ್ಲು ಹೇಳಿಕೊಡಬೇಕೆ? ನೀಲಿ ಪರ್ಶಿಯ ಚೂರುಗಳನ್ನು ಆಯ್ದು, ಅಂಚು ತಿಕ್ಕಿ, ಕೈಯಾರೆ ನುಣುಪು ಮಾಡಿ, ಚಂದದ ಪುಟ್ಟ ಪುಟ್ಟ ಗವಿ ಕಟ್ಟಿದರು. ಇಪ್ಪತ್ತು ವರ್ಷ ಕಲ್ಲಿಗೆ ಹೊಳಪು ಕೊಟ್ಟ ಕೈ. ಆ ಗವಿಗಳನ್ನು ನೋಡಲು ಬೇರೆ ವಿಭಾಗದ ಮೇಷ್ಟ್ರುಗಳೂ ಬಂದು ಹೋದರು.

ಮೀನು ಗವಿಗೆ ಹೊಕ್ಕವು, ಮೊಟ್ಟೆಯನ್ನೂ ಇಟ್ಟವು. ಮೂರನೆಯ ದಿನ ಮೊಟ್ಟೆಗಳು ಸುಣ್ಣದ ಹಾಗೆ ಬೆಳ್ಳಗಾದವು. ಮತ್ತೊಮ್ಮೆ ಇಟ್ಟವು, ಮತ್ತೆ ಬೆಳ್ಳಗಾದವು. ಹೀಗೆ ನಾಲ್ಕು ಸಲ. ಮೂರು ವರ್ಷ ಕಳೆಯಿತು. ಆರರಲ್ಲಿ ಎರಡು ಸತ್ತವು. ಉಳಿದ ನಾಲ್ಕರಲ್ಲಿ ಹೆಣ್ಣು ಒಂದೇ ಒಂದು, ಅದಕ್ಕೂ ವಯಸ್ಸಾಗುತ್ತಿತ್ತು. ಆನಂದತೀರ್ಥರು ಪುಸ್ತಕ ತಿರುವಿದರು, ಔಷಧ ಹಾಕಿದರು, ಕೊನೆಗೆ ಹಣೆಬರಹ ಎಂದು ಸುಮ್ಮನಾದರು. ಮಾಳಮ್ಮ ಸುಮ್ಮನಾಗಲಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಯಲ್ಲಿ. 2011ರ ಆಷಾಢದಲ್ಲಿ ಕಾಲೇಜಿನ ಬೋರು ಕೆಟ್ಟಿತು. ಕಾಲೇಜಿನಲ್ಲೇ ಬೇಯಿಸಿಕೊಳ್ಳುತ್ತಿದ್ದ ಮಧ್ಯಾಹ್ನದ ಸಾರಿಗೆ ಮಾಳಮ್ಮ ಮಾಳಿಗೆಯಿಂದ ಸುರಿದ ಮಳೆನೀರನ್ನೇ ಹಿಡಿದು ಬೇಳೆ ಇಟ್ಟರು. ದಿನವೂ ತಾಸುಗಟ್ಟಲೆ ಕುದ್ದರೂ ಬೆಪ್ಪನಂತೆ ಇಡಿಯಾಗಿ ನಿಲ್ಲುತ್ತಿದ್ದ ಬೇಳೆ ಅರ್ಧ ತಾಸಿಗೆ ಕರಗಿಹೋಯಿತು. ಬೋರಿನ ನೀರಿನಲ್ಲಿ ಬೇಳೆ ಬೇಯದು ಎಂಬುದು ತಾಂಡೂರಿನ ಎಲ್ಲ ಹೆಂಗಸರಿಗೂ ಗೊತ್ತು. ನೀರು ನಮ್ಮ ಕಲ್ಲಿನೊಳಗಿನಿಂದ ಬರುತ್ತದೆ, ಕಲ್ಲಿನ ಸುಣ್ಣ ಕರಗಿ ಗಡುಸಾಗಿರುತ್ತದೆ. ಮಾಳಮ್ಮ ಚಮಚ ಹಿಡಿದು ಹಾಗೇ ನಿಂತುಬಿಟ್ಟರಂತೆ.

"ನನಗ ತಲೀ ಮ್ಯಾಲ ಹೊಡದಂಗ ಆತ್ರಿ. ಬ್ಯಾಳಿ ಬೇಯಲಾರದ ನೀರಾಗ ತತ್ತಿ ಹೆಂಗ ಒಡೀತಾವ? ಬೋರಿನ ನೀರು ಸಾಲದಂತ ನಾ ಮ್ಯಾಲ ಕಲ್ಲ ಬ್ಯಾರೆ ಇಟ್ಟೀನಿ. ಆ ಚಂದನ ಗವಿ ಎಲ್ಲ ನೀರಿಗೆ ಸುಣ್ಣ ಬಿಡ್ತಿದ್ದವು. ಮೂರು ವರ್ಷ ನಾನಽ ಅವುನ್ನ ಕೊಂದೆ."

ಆನಂದತೀರ್ಥರು ನೀರಿನಲ್ಲಿ ಸುಣ್ಣ ಎಷ್ಟಿದೆಯೆಂದು ಅಳೆದು ನೋಡಿದರು. ಮಾಳಮ್ಮ ಹೇಳಿದ್ದು ಅಕ್ಷರಶಃ ಖರೆ. ಹೆಮ್ಮೆಯ ಕಲ್ಲಿನ ಗವಿಗಳನ್ನು ಮಾಳಮ್ಮ ತಾವೇ ಹೊರಗೆ ತೆಗೆದಿಟ್ಟರು. ಜಹೀರಾಬಾದಿನ ಹತ್ತಿರದ ರಾಯಿಕೋಡಿನಲ್ಲಿ ಭೂದೇವಿ ಎಂಬ ಕುಂಬಾರ್ತಿಯಿಂದ ಕೆಮ್ಮಣ್ಣಿನ ಕೊಳವೆ ಸುಡಿಸಿ ಮೇಷ್ಟ್ರು ತಂದುಕೊಟ್ಟರು. ತೊಟ್ಟಿಗೆ ಮಳೆನೀರು ತುಂಬಿತು. ಸೆಪ್ಟೆಂಬರ್ ಹನ್ನೆರಡು, ಸೋಮವಾರ ಬೆಳಿಗ್ಗೆ, ಕೊಳವೆಯೊಳಗೆ ಹದಿಮೂರು ಮೊಟ್ಟೆ; ಬಾಯಿಗೆ ಅಡ್ಡಲಾಗಿ ಗಂಡು.

ಮರುದಿನ ಸಕಲ ಜನುಲ ಸಮ್ಮೆ, ಎಲ್ಲ ಜನರ ಮುಷ್ಕರ, ಶುರುವಾಯಿತು.

ಆ ನಲವತ್ತೆರಡು ದಿನಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಎಷ್ಟು ಹೇಳಿದರೂ ಸಾಲದು. ಪ್ರತ್ಯೇಕ ತೆಲಂಗಾಣ ಬೇಕೆಂದು ಕಚೇರಿ, ಶಾಲೆ, ಕಾಲೇಜು ಎಲ್ಲ ಬೀಗ ಹಾಕಿದವು. ಬಸ್ಸು ನಿಂತವು. ಕಲ್ಲಿದ್ದಲಿನವರು ಕೆಲಸ ಬಿಟ್ಟ ಮೇಲೆ ಕರೆಂಟು ಕೈಕೊಟ್ಟಿತು. ಜನ ರಸ್ತೆಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಅಲ್ಲೇ ಉಂಡರು. ತಾಂಡೂರಿನ ಬಸ್ ನಿಲ್ದಾಣದ ಎದುರು ಒಂದು ಗುಲಾಬಿ ಟೆಂಟು ಎದ್ದಿತು. ಅಲ್ಲಿ ದಿನಕ್ಕೊಂದು ಕಸುಬಿನವರು ಸರದಿಯ ಉಪವಾಸ ಕೂರುತ್ತಿದ್ದರು: ಒಂದು ದಿನ ವಕೀಲರು, ಒಂದು ದಿನ ಮಡಿವಾಳರು, ಒಂದು ದಿನ ದರ್ಜಿಗಳು, ಒಂದು ದಿನ ಗುಡಿಯ ಪೂಜಾರಿಗಳು. ಕನ್ನಡ, ತೆಲುಗು, ದಖನಿ ಮೂರೂ ಒಂದೇ ಬಾಯಲ್ಲಿ. ನೆನೆದರೆ ಈಗಲೂ ಎದೆ ತುಂಬುತ್ತದೆ. ಹಾಗೆ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತ ದಿನ ಆಮೇಲೆ ಬರಲಿಲ್ಲ.

ಮಾಳಮ್ಮನೂ ಮೊದಲ ದಿನವೇ ಟೆಂಟಿಗೆ ಬಂದು ಕೂತರು. ಮನಸ್ಸೆಲ್ಲ ಪ್ರಯೋಗಶಾಲೆಯಲ್ಲಿ. ಕಾಲೇಜಿನ ಬೀಗದ ಕೈ ಸಮ್ಮೆಯ ಸಮಿತಿಯ ಹತ್ತಿರ. ಕರೆಂಟು ಹೋದರೆ ತೊಟ್ಟಿಗೆ ಗಾಳಿಯೂದುವ ಯಂತ್ರ ನಿಲ್ಲುತ್ತದೆ. ಶಿಂಗು ಹೊಳೆಯ ಧಡಧಡ ಹರಿವಿನ ಮೀನು ಇದು, ನಿಂತ ನೀರಿನಲ್ಲಿ ಉಸಿರು ಕಟ್ಟುತ್ತದೆ, ಮೊಟ್ಟೆಯಂತೂ ಮೊದಲೇ ಹೋಗುತ್ತದೆ. ಆನಂದತೀರ್ಥರು ಜಹೀರಾಬಾದಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮನೆಗೆ ಒಯ್ಯೋಣವೆಂದರೆ ಮಾಳಮ್ಮನ ಮನೆ ಇದ್ದದ್ದು ಪಾಲಿಶ್ ಕಾರ್ಖಾನೆಗಳ ಸಾಲಿನಲ್ಲಿ, ಅಲ್ಲಿ ಕುಡಿಯುವ ನೀರಿನ ಮೇಲೂ ಸುಣ್ಣದ ಧೂಳಿನ ಕೆನೆ.

ಕಾಲೇಜಿನ ಹಿಂದಿನ ಗೋಡೆ ಒಂದು ಕಡೆ ಬಿದ್ದಿತ್ತು. ಮಾಳಮ್ಮನಿಗೆ ಅದು ಗೊತ್ತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ಬಂದರೂ ಯಾರಿಗೂ ತಿಳಿಯುತ್ತಿರಲಿಲ್ಲ. "ಹೋಗಿ ಬಾ" ಎಂದು ಮಗಳೇ ಹೇಳಿದಳಂತೆ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಒಂದು ಹಗಲು ಪೂರ್ತಿ ಮಾಳಮ್ಮ ಊಟ ಮಾಡಲಿಲ್ಲ. ಜನ ಇವಳೂ ಸರದಿ ಉಪವಾಸ ಕೂತಿದ್ದಾಳೆ ಎಂದುಕೊಂಡರು.

ಮರುದಿನ ಬೆಳಿಗ್ಗೆ ಅವರು ನೇರವಾಗಿ ಪಾಂಡಪ್ಪನ ಮುಂದೆ ನಿಂತರು. ಪಾಂಡಪ್ಪ ತಹಸೀಲು ಕಚೇರಿಯ ಜವಾನ, ಟೆಂಟಿನ ಮುಖಂಡ, ಶಿಸ್ತೆಂದರೆ ಶಿಸ್ತು ಎನ್ನುವ ಮನುಷ್ಯ. ಕೇಳಿದ್ದೇ ತಲೆಯಾಡಿಸಿದ.

"ಊರಿಗೊಂದು ದಾರಿ ಅಂದ್ರ ನಿನಗೊಂದು ದಾರಿ ಏನು ಮಾಳಮ್ಮ? ಇವತ್ತ ನೀ ಮೀನು ನೋಡಾಕ ಹೋಗ್ತಿ. ನಾಳೆ ಇನ್ನೊಬ್ಬ ಫೈಲು ನೋಡಾಕ ಹೋಗ್ತಾನ. ನಾಡದ್ದು ಎಲ್ಲಾರೂ ಒಳಗ. ಟೆಂಟಿನಾಗ ನಾ ಒಬ್ಬವ ಝಂಡಾ ಹಿಡ್ಕೊಂಡು ನಿಂದರತೀನಿ."

"ನಾ ಕೆಲಸಕ್ಕ ಹೋಗಾಕಿ ಅಲ್ಲರಿ" ಎಂದರು ಮಾಳಮ್ಮ. "ನಾ ಒಳಗ ಹೋಗೂದಽ ತಪ್ಪ ಅಂದ್ರ ಹೋಗಂಗಿಲ್ಲ. ಅವುನ್ನ ಹೊರಗ ತರ್ರಿ. ಇಲ್ಲೇ, ಎಲ್ಲಾರ ಮುಂದ ಇಡ್ರಿ. ಅವು ಸಮ್ಮಿ ಮಾಡ್ಯಾವೇನು? ಅವುಕ್ಕ ನೌಕರಿ ಅದ ಏನು?"

ಟೆಂಟಿನಲ್ಲಿ ನಗು ಎದ್ದಿತು. ಉಪವಾಸಕ್ಕೆ ಕೂತಿದ್ದ ವಕೀಲರೊಬ್ಬರು ಕಾನೂನಿನ ದಾರಿ ಹುಡುಕಿದರು. ಒಳಗೆ ಹೋಗುವುದು ತಪ್ಪಲ್ಲ, ಕೆಲಸಕ್ಕೆ ಹೋಗುವುದು ತಪ್ಪು. ಮೆರವಣಿಗೆಯಾಗಿ ಹೋದರೆ ಅದು ಹೋರಾಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಾಂಡಪ್ಪ ಗಲ್ಲ ಕೆರೆದುಕೊಂಡು ಒಪ್ಪಿದ, ಹಲಗೆಯವರನ್ನು ಕರೆಯಲು ಹೇಳಿದ. ಮಾಳಮ್ಮ ಕೈ ಅಡ್ಡ ಹಿಡಿದರು. ಹಲಗೆಯ ಸದ್ದಿಗೆ ಗಂಡು ಬೆದರಿದರೆ ಮೊಟ್ಟೆಗಳನ್ನೆಲ್ಲ ಹೊರಗೆ ತಳ್ಳಿಬಿಡುತ್ತದೆ. ಘೋಷಣೆಯೂ ಬೇಡ.

ಹಾಗಾಗಿ ಆ ದಿನ ತಾಂಡೂರಿನಲ್ಲಿ ಮೌನ ಮೆರವಣಿಗೆ ನಡೆಯಿತು. ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡ ನಲವತ್ತಾರು ಜನ ಸಾಲಾಗಿ ಕಾಲೇಜಿನ ಮುಂಬಾಗಿಲಿನಿಂದ ಹೊಕ್ಕರು. ನೋಡಿದವರು ಏನೋ ಗಂಭೀರ ಸಂಗತಿ ಎಂದುಕೊಂಡರು. ಮಾಳಮ್ಮ ತೊಟ್ಟಿಗೆ ಮೊಣಕೈತನಕ ಕೈ ಹಾಕಿ, ಕೊಳವೆಯ ಬಾಯಿಗೆ ಅಂಗೈ ಮುಚ್ಚಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಅದನ್ನು ನೀರು ತುಂಬಿದ ಬಕೆಟ್ಟಿಗೆ ದಾಟಿಸಿದರು. ಉಳಿದ ಮೂರು ಮೀನು, ಸಣ್ಣ ಗಾಜಿನ ತೊಟ್ಟಿ, ಮಳೆನೀರಿನ ಡ್ರಮ್ಮು ತರಕಾರಿಯ ತಳ್ಳುಗಾಡಿಯ ಮೇಲೆ ಬಂದವು. ಬಕೆಟ್ಟು ಮಾತ್ರ ಮಾಳಮ್ಮನ ಕೈಯಲ್ಲೇ. ದಾರಿಯುದ್ದಕ್ಕೂ ಅವರ ಅಂಗೈ ಕೊಳವೆಯ ಬಾಯಿಂದ ಕದಲಲಿಲ್ಲ. ಒಳಗೆ ಗಂಡು ಮೀನು ಗರಗಸದಂಥ ಮೈಯಿಂದ ತಿಕ್ಕಿ ತಿಕ್ಕಿ ಅಂಗೈ ಗೀರಿತ್ತು.

"ಉರೀತಿತ್ರಿ. ಆದ್ರ ಖುಷಿ ಆತು. ಗುದ್ದಾಡ್ತದ ಅಂದ್ರ ಮಕ್ಕಳನ್ನ ಬಿಟ್ಟಿಲ್ಲ ಅಂತ" ಎನ್ನುತ್ತಾರೆ ಮಾಳಮ್ಮ.

ಟೆಂಟಿನ ಮೂಲೆಯಲ್ಲಿ, ತೊಯ್ದ ಗೋಣಿಚೀಲದ ನೆರಳಿನಲ್ಲಿ ತೊಟ್ಟಿ ಕೂತಿತು. ರಾತ್ರಿ ಕರೆಂಟು ಇರುತ್ತಿದ್ದುದರಿಂದ ಪಕ್ಕದ ಝೆರಾಕ್ಸ್ ಅಂಗಡಿಯವರು ಗಾಳಿಯ ಯಂತ್ರಕ್ಕೆ ಪ್ಲಗ್ಗು ಬಿಟ್ಟುಕೊಟ್ಟರು. ಹಗಲಿನದೇ ಕಷ್ಟ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಒಮ್ಮೊಮ್ಮೆ ಮೂರರತನಕ ಕರೆಂಟಿಲ್ಲ. ಬ್ಯಾಟರಿಯ ಪಂಪು ತರಲು ಹೈದರಾಬಾದಿಗೆ ಬಸ್ಸಿಲ್ಲ. ಮಾಳಮ್ಮ ಒಂದು ಚೊಂಬು ತಂದರು. ತೊಟ್ಟಿಯ ನೀರನ್ನೇ ಮೊಗೆದು, ಮೊಳದೆತ್ತರದಿಂದ ಸಣ್ಣಗೆ ತೊಟ್ಟಿಗೇ ಸುರಿಯಬೇಕು. ನೀರಿನೊಡನೆ ಗಾಳಿಯೂ ಇಳಿಯುತ್ತದೆ. ನಿಮಿಷಕ್ಕೆ ಹನ್ನೆರಡು ಚೊಂಬು, ತಾಸಿಗೆ ಏಳುನೂರರ ಮೇಲೆ. ಮೊದಲ ದಿನ ಒಬ್ಬರೇ ಸುರಿದು ಸಂಜೆಗೆ ತಲೆ ಬಾಚಲೂ ಕೈ ಏಳಲಿಲ್ಲ.

ಅದನ್ನು ಕಂಡ ಪಾಂಡಪ್ಪನೇ ಹೊಸ ನಿಯಮ ಹೊರಡಿಸಿದ: ಆಯಾ ದಿನ ಉಪವಾಸ ಕೂತ ಕಸುಬಿನವರೇ ಚೊಂಬಿನ ಪಾಳಿಯನ್ನೂ ಹೊರಬೇಕು. ಮಡಿವಾಳರು ಸುರಿದರು, ದರ್ಜಿಗಳು ಸುರಿದರು. ಪೂಜಾರಿಗಳು ಅಭಿಷೇಕದ ಧಾಟಿಯಲ್ಲಿ ಮಂತ್ರ ಹೇಳುತ್ತ ಸುರಿದರು, ಅವರ ಧಾರೆಯೇ ಎಲ್ಲರಿಗಿಂತ ಸಣ್ಣಗೆ, ಸಮನಾಗಿ ಬೀಳುತ್ತಿತ್ತಂತೆ. ಟೆಂಟಿನಲ್ಲಿ ದಿನವೂ ಕೂಗುತ್ತಿದ್ದ ಘೋಷಣೆ "ನೀಳ್ಳು, ನಿಧುಲು, ನಿಯಾಮಕಾಲು". ನಮ್ಮ ನೀರು, ನಮ್ಮ ಹಣ, ನಮ್ಮ ನೌಕರಿ ನಮಗೆ ಬೇಕು ಎಂದು. ಈ ಮೀನುಗಳ ಹೊಳೆಗೂ ಕಟ್ಟೆ ಹಾಕಲು ಈ ವರ್ಷವೇ ಕೆಲಸ ಶುರುವಾಗಿದೆಯಂತೆ ಎಂದು ಆನಂದತೀರ್ಥರು ಫೋನಿನಲ್ಲಿ ಹೇಳಿದ್ದನ್ನು ಮಾಳಮ್ಮ ಟೆಂಟಿಗೆಲ್ಲ ಹೇಳಿದರು. ದರ್ಜಿಯೊಬ್ಬ ಚೊಂಬು ಕೆಳಗಿಟ್ಟು, "ಹಂಗಾದ್ರ ಇವೂ ನಮ್ಮವೇ ಬಿಡ್ರಿ" ಎಂದ.

ಏಳನೆಯ ದಿನ ಮೊಟ್ಟೆ ಒಡೆದವು. ಹದಿಮೂರರಲ್ಲಿ ಎರಡು ಕೆಟ್ಟು, ಹನ್ನೊಂದು ಮರಿ. ಮೈಗಿಂತ ದೊಡ್ಡ ಹಳದಿ ಹೊಟ್ಟೆಯ, ಎಳ್ಳಿನಂಥ ಕಣ್ಣಿನ ಹನ್ನೊಂದು ಜೀವ ಅಪ್ಪನ ಹೊಟ್ಟೆಯ ಕೆಳಗೆ ಕಿಕ್ಕಿರಿದಿದ್ದವು. ಆ ಹಳದಿ ಕರಗುವತನಕ, ಇನ್ನೂ ಹನ್ನೆರಡು ದಿನ, ಅವು ಕೊಳವೆ ಬಿಟ್ಟು ಕದಲುವುದಿಲ್ಲ. ನೀರಾಡದಿದ್ದರೆ ಅಷ್ಟೂ ಒಂದೇ ತಾಸಿನಲ್ಲಿ ಮುಗಿಯುತ್ತವೆ.

ಆ ತಾಸು ಹತ್ತಿರ ಬಂದದ್ದು ರೈಲು ರೋಕೊ ದಿನ. ಅಂದು ಊರಿಗೆ ಊರೇ ಹಳಿಯ ಮೇಲೆ ಕೂರಲು ಸ್ಟೇಷನ್ನಿಗೆ ಹೋಯಿತು. ಉಪವಾಸ ಕೂರಬೇಕಾದವರೂ ಅಲ್ಲಿಗೇ ಹೋದರು. ಮಾಳಮ್ಮನಿಗೂ ಹೋಗಬೇಕೆಂಬ ಆಸೆ, ಹೋಗಲಾಗಲಿಲ್ಲ. ಒಂಬತ್ತಕ್ಕೆ ಕರೆಂಟು ಹೋಯಿತು. ಖಾಲಿ ಟೆಂಟಿನಲ್ಲಿ ಒಬ್ಬರೇ ಸುರಿಯತೊಡಗಿದರು. ಹನ್ನೊಂದರ ಹೊತ್ತಿಗೆ ಬಲಗೈ ಮರಗಟ್ಟಿತು, ಎಡಗೈಗೆ ಬದಲಿಸಿದರು. ಹನ್ನೆರಡಕ್ಕೆ ಎರಡೂ ಕೈಯಲ್ಲಿ ಹಿಡಿದರು. ಚೊಂಬು ಜಾರಿ ಒಮ್ಮೆ ಗಾಜಿಗೆ ಬಡಿಯಿತು. ಕೊಳವೆಯೊಳಗೆ ಗಂಡಿನ ರೆಕ್ಕೆ ಮೊದಲಿಗಿಂತ ವೇಗವಾಗಿ ಬೀಸುತ್ತಿತ್ತು. ಗಾಳಿ ಸಾಲುತ್ತಿಲ್ಲ ಎಂದು ಅದರ ಅರ್ಥ. ಮಾಳಮ್ಮ ಅಳುತ್ತಲೇ ಸುರಿದರು.

ಪಾಲಿಶ್ ಹೆಂಗಸರ ಗುಂಪು ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿನತ್ತ ಹೊರಟದ್ದು ಆಗಲೇ. ಮುಂದೆ ಎಲ್ಲಮ್ಮ. ಹದಿಮೂರು ವರ್ಷ ಒಂದೇ ಊರಿನಲ್ಲಿದ್ದು, ಒಂದೇ ಬಾವಿಯ ದಾರಿ ತುಳಿದು, ಒಂದು ಮಾತಿಲ್ಲ. ಎಲ್ಲಮ್ಮ ಟೆಂಟಿನ ಮುಂದೆ ನಿಂತು ನೋಡಿದಳು. ಊರೆಲ್ಲ ಹಬ್ಬಿದ್ದ ಸುದ್ದಿ ಅವಳಿಗೂ ಗೊತ್ತಿತ್ತು: ಬಿದ್ದ ಗೋಡೆ ಇದ್ದರೂ ಮಾಳಮ್ಮ ಒಳಗೆ ಹೋಗಲಿಲ್ಲವಂತೆ, ಮೀನನ್ನೇ ಬೀದಿಗೆ ತಂದಳಂತೆ. ಅವಳು ಒಳಬಂದು, ಬುತ್ತಿ ಕೆಳಗಿಟ್ಟು, ಮಾಳಮ್ಮನ ಕೈಯಿಂದ ಚೊಂಬು ಕಸಿದುಕೊಂಡಳು.

"ಸರಿ ಅತ್ಲಾಗ. ಎಷ್ಟೆತ್ತರದಿಂದ ಹಾಕಬೇಕು?"

"ಮೊಳದಷ್ಟು" ಎಂದರು ಮಾಳಮ್ಮ.

ಅಷ್ಟೇ ಮಾತು. ಆ ಹೆಂಗಸರಲ್ಲಿ ಒಬ್ಬರೂ ಅಂದು ಸ್ಟೇಷನ್ನಿಗೆ ಹೋಗಲಿಲ್ಲ. ಹದಿನೇಳು ಜನ ಪಾಳಿ ಹಚ್ಚಿ ಮೂರೂವರೆಯತನಕ ನೀರು ಸುರಿದರು. ಕಲ್ಲು ಎತ್ತಿ ಪಳಗಿದ ರಟ್ಟೆಗಳು, ಚೊಂಬು ಅವುಗಳಿಗೆ ಯಾವ ಲೆಕ್ಕ? ಮಧ್ಯೆ ಎಲ್ಲಮ್ಮ ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ನಡುವೆ ಮುರಿದು ಮಾಳಮ್ಮನ ಕಡೆ ನೂಕಿದಳು. ಮಾಳಮ್ಮನಿಗೆ ತುತ್ತು ಮುರಿಯಲು ಬೆರಳು ಬಾಗುತ್ತಿರಲಿಲ್ಲ, ಎಲ್ಲಮ್ಮನೇ ಮುರಿದು ಬಾಯಿಗಿಟ್ಟಳು.

"ಆ ರೊಟ್ಟಿ ರುಚಿ ಇನ್ನೂ ಬಾಯಾಗ ಅದರಿ" ಎನ್ನುತ್ತಾರೆ ಮಾಳಮ್ಮ. ಎಲ್ಲಮ್ಮ ತೀರಿಕೊಂಡು ಈಗ ನಾಲ್ಕು ವರ್ಷ, ಅವಳದೂ ಅದೇ ಧೂಳಿನ ಎದೆ. ಅವಳ ಕೊನೆಯ ಎರಡು ತಿಂಗಳು ಮಾಳಮ್ಮನೇ ಹತ್ತಿರ ಇದ್ದರು.

ಅಕ್ಟೋಬರ್ ಒಂದರಂದು ಹನ್ನೊಂದು ಮರಿಗಳೂ ಕೊಳವೆಯಿಂದ ಹೊರಬಂದವು. ಅಂದು ಉಪವಾಸದ ಸರದಿ ಕ್ಷೌರಿಕರದು. ಉಗುರಷ್ಟಿದ್ದ ಮೈಮೇಲೆ ಆಗಲೇ ಪಟ್ಟೆ ಮೂಡಿತ್ತು. ಮುದಿ ಹೆಣ್ಣು ಆ ಚಳಿಗಾಲದಲ್ಲೇ ಸತ್ತಿತು. ಇದೇ ಅದರ ಕೊನೆಯ ಸಂಸಾರ. ಸಮ್ಮೆ ಮುಗಿದ ಮೇಲೆ ಆನಂದತೀರ್ಥರು ಬಂದು ತೊಟ್ಟಿಯ ಮುಂದೆ ಎಷ್ಟೋ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರಂತೆ. ಎದ್ದಾಗ ಅವರು ಮಾಳಮ್ಮನಿಗೆ ಕೈ ಮುಗಿದರು.

ಆ ಹನ್ನೊಂದರ ಸಂತತಿ ಈಗ ಮೂರು ಕಡೆ ಇದೆ. ಒಂದು ಪಾಲು ಜಹೀರಾಬಾದಿನಲ್ಲಿ ನಿವೃತ್ತ ಆನಂದತೀರ್ಥರ ಮನೆಯಲ್ಲಿ, ಒಂದು ಪಾಲು ನಾರಾಯಣಖೇಡದಲ್ಲಿ ಅವರ ಶಿಷ್ಯೆ ವರದಾ ಎಂಬ ಅಧ್ಯಾಪಕಿಯ ಹತ್ತಿರ. ಒಂದೆಡೆ ರೋಗ ಬಂದರೂ ಬೀಜ ಉಳಿಯಲಿ ಎಂಬ ಹಂಚಿಕೆ ಅದು. ಮೂರನೆಯ ಪಾಲು ಪೆದ್ದೆಮುಲ್‌ನಲ್ಲಿ. ಮಾಳಮ್ಮ ನಿವೃತ್ತರಾಗಿ, ಕಲ್ಲಿನ ಧೂಳಿಲ್ಲದ ಹುಟ್ಟೂರಿಗೆ ತಿರುಗಿ ಬಂದದ್ದೇ ಇವುಗಳಿಗಾಗಿ. ದೊಡ್ಡವು ಇಪ್ಪತ್ಮೂರು, ಮರಿ ಎಂಟು. ದಿನಕ್ಕೆ ಮೂರು ಸಲ ಮೇವು, ಎರಡು ಕೊಡ ಹೊಸ ನೀರು. ಬೇಸಗೆ ದಾಟಿಸಲು ಎಂಟು ಡ್ರಮ್ಮು ಮಳೆ. ಮಾರುವುದಿಲ್ಲವೇ ಎಂದು ಕೇಳಿಕೊಂಡು ದೂರದಿಂದ ಬಂದವರಿದ್ದಾರೆ. ಅವರಿಗೆ ಮಾಳಮ್ಮ ಚಹಾ ಕೊಟ್ಟು ಕಳಿಸುತ್ತಾರೆ.

ಹೊರಡುವ ಹೊತ್ತಿಗೆ, ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಮೊದಲು ಕೊಳವೆಯೊಂದರಲ್ಲಿ ಇಣುಕಿ, ಒಳಗಿನ ಗಂಡು ಸುಖವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ನಮ್ಮ ರಾಜ್ಯ ನಮಗ ಬಂತಲ್ರಿ. ಹಂಗಽ ಯಾವಾಗರ ಒಮ್ಮಿ ಅಲ್ಲಿ ಹೊಳೀಗೂ ನೀರು ಬಿಡ್ತಾರ. ಅವತ್ತ ಯಾರರ ಬಂದು ಈ ಮೀನು ಬೇಕಂತ ಕೇಳ್ರಿ, ನಾ ಇಲ್ಲಂದ್ರ ನನ್ನ ಮಗಳನ್ನ ಕೇಳ್ರಿ. ಹೆರಿಗಿಗೆ ಬಂದ ಮಗಳನ್ನ ಯಾರೂ ಇಟ್ಗೊಳ್ಳಂಗಿಲ್ಲ. ಉಡಿ ತುಂಬಿ ಆಕಿ ಮನಿಗೆ ಕಳಸ್ತೀವಿ."